ಕೌಟುಂಬಿಕ ಕಾರಣ

ಹಳೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ‘ಇನ್ನೊಂದ್ಸಲ’ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಎರಡೇ ಕೋಣೆಯ ಲ್ಯಾಬಿನಲ್ಲಿ ಬೆನ್ನ ಹಿಂದಿನ ಮಾತು ಎಷ್ಟು ದೂರ ಹೋದೀತು? ಗೋಡೆಗೆ ಬಡಿದು ಅವಳ ಕಿವಿಗೇ ವಾಪಸ್ಸು ಬರುತ್ತಿತ್ತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ರಕ್ತದ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡುವುದು, ಒಳಗೆ ಸಾಸಿವೆ ಕಾಳಿನಷ್ಟು ಹೆಪ್ಪು ಕಂಡರೂ “ಇದು ಆಗಲ್ಲ, ಇನ್ನೊಂದ್ಸಲ ತೆಗೀರಿ” ಎನ್ನುವುದು, ಅದೇ ಅವಳ ಕೆಲಸದ ರೀತಿ. ಹಾಳಾದ ಸ್ಯಾಂಪಲ್ ಕೊಟ್ಟರೆ ಯಂತ್ರ ಬೇಡ ಅನ್ನುವುದಿಲ್ಲ. ಯಾವುದೋ ಒಂದು ಸಂಖ್ಯೆಯನ್ನು ಗಂಭೀರವಾಗಿ ಉಗುಳಿ ಸುಮ್ಮನಾಗುತ್ತದೆ. ಬೇಡ ಅನ್ನಬೇಕಾದವರು ಮನುಷ್ಯರೇ. ಆ ಲ್ಯಾಬಿನಲ್ಲಿ ಹಾಗೆ ಅನ್ನುತ್ತಿದ್ದವಳು ಇವಳೊಬ್ಬಳು.

ಮದುವೆಯಾದ ಹೊಸದರಲ್ಲಿ ಸೇರಿಕೊಂಡವಳು, ಕಿವಿಯ ಪಕ್ಕ ಬಿಳಿ ಕೂದಲು ಬರುವವರೆಗೂ ಅಲ್ಲೇ ಇದ್ದಳು. ಸೂಜಿ ಹಿಡಿಯುವುದರಲ್ಲಿ ಎತ್ತಿದ ಕೈ. ಬೀದಿಯಲ್ಲಿ ಯಾರಿಗೆ ರಕ್ತ ಪರೀಕ್ಷೆ ಇದ್ದರೂ ಅವಳ ಅತ್ತೆ ಬಾಗಿಲಲ್ಲೇ ನಿಂತು ಜಾಹೀರಾತು ಕೊಡುತ್ತಿದ್ದರು: “ನನ್ನ ಸೊಸೆ ಚುಚ್ಚಿದ್ರೆ ಸೊಳ್ಳೆ ಕೂತಷ್ಟೂ ಗೊತ್ತಾಗಲ್ಲ ಕಣ್ರೀ. ಬೇರೆಯವರು ನನ್ನ ಕೈ ಮುಟ್ಟೋ ಹಾಗೇ ಇಲ್ಲ!” ಇದೇ ಅತ್ತೆ ಮನೆಯೊಳಗೆ ಬಂದರೆ ಅದೇ ಸೊಸೆಗೆ ಪಾತ್ರೆ ಸರಿಯಾಗಿ ತೊಳೆಯಲಿಲ್ಲವೆಂದು ಬೈಯುತ್ತಿದ್ದರು. ಎರಡೂ ನಿಜವಾದ ಮಾತುಗಳೇ. ಪಾತ್ರೆ ತೊಳೆಯುವುದರಲ್ಲಿ ಅವಳು ಅಷ್ಟಕ್ಕಷ್ಟೆ.

ಕೆಲಸ ಹೋದದ್ದು ಹೀಗೆ. ವಯಸ್ಸಾದ ಮೇಷ್ಟ್ರೊಬ್ಬರು, ಲ್ಯಾಬಿಗೆ ಬಹಳ ಹಳೆಯ ಗಿರಾಕಿ, ರಕ್ತ ಕೊಟ್ಟು ಹೋಗಿದ್ದರು. ನರ ಸಿಗದೆ ಯಾರೋ ಸಿರಿಂಜನ್ನು ಜಗ್ಗಿ ಎಳೆದಿದ್ದರು. ಟ್ಯೂಬನ್ನು ಗಿರ್ರನೆ ತಿರುಗಿಸುವ ಯಂತ್ರದಿಂದ ಹೊರಗೆ ತೆಗೆದಾಗ, ಮೇಲೆ ತಿಳಿ ಹಳದಿಯಾಗಿ ನಿಲ್ಲಬೇಕಾದ ನೀರು ಕೆಂಪಗೆ ನಿಂತಿತ್ತು. ರಕ್ತದ ಕಣಗಳು ಒಡೆದಿವೆ ಎಂದು ಅರ್ಥ. ಕಣಗಳು ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ, ಆಗ ನೋಡಿದವರ ಎದೆ ಧಸಕ್ಕೆನ್ನುವಂಥ ಸಂಖ್ಯೆ ಬರುತ್ತದೆ. ಹಾಗೇ ಬಂದಿತ್ತು.

ಮಾಲೀಕ ಹೆಗಲ ಮೇಲಿಂದ ಇಣುಕಿ ನೋಡಿದ. “ಸ್ವಲ್ಪ ಇಳಿಸಿ ಬರಿ.”

“ಎಷ್ಟು ಇಳಿಸ್ಲಿ ಸಾರ್?”

“ನಾರ್ಮಲ್‌ಗೆ ತಂದುಬಿಡು. ಮೇಷ್ಟ್ರು ಗುಂಡುಕಲ್ಲಿನ ಹಾಗಿದ್ದಾರೆ. ಮತ್ತೆ ಕರೆಸಿ ಚುಚ್ಚಿದ್ರೆ ನಾಳೆಯಿಂದ ಪಕ್ಕದ ರಸ್ತೆ ಲ್ಯಾಬಿಗೆ ಹೋಗ್ತಾರೆ.”

“ಗುಂಡುಕಲ್ಲಿನ ಹಾಗಿದ್ರೆ ಲ್ಯಾಬಿಗೆ ಯಾಕೆ ಬಂದ್ರು ಸಾರ್?”

ಇದು ಮಾಲೀಕನಿಗೆ ಹೇಳುವ ಮಾತೇ? ಅಲ್ಲ. ಹೇಳಿಬಿಟ್ಟಳು. ಹೇಳಿ ಸುಮ್ಮನಿರದೆ ಅವನ ಎದುರಿಗೇ ಫೋನು ತೆಗೆದು ಮೇಷ್ಟ್ರಿಗೆ, “ತಪ್ಪು ನಮ್ಮದು, ಇನ್ನೊಂದ್ಸಲ ಬನ್ನಿ” ಎಂದಳು. ಮೇಷ್ಟ್ರು ಗೊಣಗಿಕೊಂಡೇ ಬಂದರು. ಈ ಸಲ ಅವಳೇ ರಕ್ತ ತೆಗೆದಳು. ನೀರು ತಿಳಿ ಹಳದಿಯಾಗಿ ನಿಂತಿತು. ಸಂಖ್ಯೆ ಬಂತು. ಅಪ್ಪಟ ನಾರ್ಮಲ್.

ಕೆಟ್ಟ ಘಳಿಗೆ ಅಂದರೆ ಅದು. ಮೇಷ್ಟ್ರಿಗೆ ನಿಜಕ್ಕೂ ಹೃದಯ ನಿಲ್ಲಿಸುವಷ್ಟು ಪೊಟ್ಯಾಸಿಯಂ ಏರಿದ್ದರೆ ಇವಳು ಜೀವ ಉಳಿಸಿದವಳು ಎನಿಸಿಕೊಳ್ಳುತ್ತಿದ್ದಳು. ನಾರ್ಮಲ್ ಬಂದದ್ದಕ್ಕೆ ಜಗಳಗಂಟಿಯಾದಳು. “ನೋಡಿದ್ಯಾ? ನಾನು ಬರಿ ಅಂದಿದ್ದೇ ಬಂತಲ್ಲ!” ಎಂದು ಮಾಲೀಕ ಎಲ್ಲರ ಎದುರು ಕಾಗದ ಆಡಿಸಿದ. “ಸುಮ್ನೆ ಆ ಮುದುಕರಿಗೆ ಎರಡೆರಡು ಸಲ ಚುಚ್ಚಿ ನನ್ನ ಮರ್ಯಾದೆ ತೆಗೆದೆ. ನಾಳೆಯಿಂದ ಬರಬೇಡ.” ಅಷ್ಟು ವರ್ಷದ ದುಡಿಮೆಗೆ ಅಷ್ಟೇ ಮಾತು. ಸಾಲದ್ದಕ್ಕೆ ಊರಿನ ಲ್ಯಾಬುಗಳವರಿಗೆಲ್ಲ ಅವಳ ಬಗ್ಗೆ ಕಿವಿ ಊದಿಯೂ ಇಟ್ಟ. ಅವಳು ಯಾವ ಬಾಗಿಲು ತಟ್ಟಿದರೂ ಒಳಗಿನವರ ಮುಖದಲ್ಲಿ, ಓ, ಇವಳಾ, ಎನ್ನುವ ನಗು ಕಾಣುತ್ತಿತ್ತು. “ಹೇಳಿ ಕಳಿಸ್ತೀವಿ” ಎನ್ನುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಚಳಿಗಾಲ ಕಳೆದು ಸೆಕೆ ಶುರುವಾಯಿತು, ಅವಳು ಮನೆಯಲ್ಲೇ ಇದ್ದಳು.

ಉಳಿದದ್ದು ಒಂದೇ ಬಾಗಿಲು, ದೊಡ್ಡಾಸ್ಪತ್ರೆಯದು. ಅಲ್ಲಿನ ಪೆಥಾಲಜಿ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಿದೆ ಎಂದು ಗೊತ್ತಾಗಿ ಅರ್ಜಿ ಹಾಕಿದಳು. ಮುಂದಿನ ವಾರ ಸಂದರ್ಶನಕ್ಕೆ ಬನ್ನಿ ಎಂದು ಫೋನು ಬಂತು. ಅದೂ ಕೈಬಿಟ್ಟರೆ ಬಿಳಿ ಕೋಟನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕುವುದೇ ಎಂದು ಅವಳಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಫೋನು ಬಂದ ಸಂಜೆಯೇ ನಾದಿನಿ ಟಪಟಪ ಬೂಟು ಸದ್ದು ಮಾಡಿಕೊಂಡು ಬಂದಿಳಿದಳು. ಗಂಡನ ತಂಗಿ. ಯಾವುದೋ ದೊಡ್ಡ ಕಂಪನಿಯಲ್ಲಿ ಜನರನ್ನು ಸಂದರ್ಶನ ಮಾಡಿ ಆರಿಸುವುದೇ ಅವಳ ಉದ್ಯೋಗ. ದಿನವಿಡೀ ಯಾರು ಯಾರನ್ನೋ ಪ್ರಶ್ನೆ ಕೇಳಿ ಕೇಳಿ, ಮನೆಗೆ ಬಂದರೂ “ಉಪ್ಪು ಯಾಕೆ ಜಾಸ್ತಿಯಾಯ್ತು, ನಿಮ್ಮ ಮಾತಿನಲ್ಲೇ ವಿವರಿಸಿ” ಎನ್ನುವ ಧಾಟಿ ಬಂದುಬಿಟ್ಟಿತ್ತು.

“ಅತ್ತಿಗೆ, ಕೆಲಸ ನಿಮಗೆ ಬರುತ್ತೆ, ಅದರ ಚಿಂತೆ ನನಗಿಲ್ಲ. ಬಾಯಿಯದೇ ಚಿಂತೆ,” ಎಂದಳು ಕೂರುತ್ತಲೇ.

“ನನ್ನ ಬಾಯಿಗೇನಾಗಿದೆ?”

“ಅದಕ್ಕೇನಾಗಿದೆ ಅಂತ ಊರಿಗೆಲ್ಲ ಗೊತ್ತು.”

ಗಂಡ ನಕ್ಕ. ಅವನು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಮಕ್ಕಳ ಗದ್ದಲದಲ್ಲಿ ಬದುಕುವವನಿಗೆ ಮನೆಯಲ್ಲಿ ಶಾಂತಿ ಬೇಕು. ಏನಾದರೂ ಅವನ ಬಾಯಲ್ಲಿ ಬರುವುದು ಒಂದೇ ಮಾತು: “ಹೋಗ್ಲಿ ಬಿಡು.” ಹಾಲು ಉಕ್ಕಿದರೂ ಹೋಗ್ಲಿ ಬಿಡು, ಟೈರು ಪಂಕ್ಚರಾದರೂ ಹೋಗ್ಲಿ ಬಿಡು. ಹೆಂಡತಿಯ ಕೆಲಸ ಹೋದ ದಿನವೂ ಅದನ್ನೇ ಅಂದು, ಆ ರಾತ್ರಿ ತನ್ನ ತಟ್ಟೆಗೆ ತಾನೇ ಬಡಿಸಿಕೊಂಡಿದ್ದ.

ತಾಲೀಮು ಶುರುವಾಯಿತು. ಹಗಲು ಹೊತ್ತು ಅವಳು ಹಳೆಯ ಪುಸ್ತಕಗಳ ಧೂಳು ಕೊಡವಿ ಓದುತ್ತಿದ್ದಳು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಯಾವ ಮದ್ದು, ನೀಲಿ ಮುಚ್ಚಳದ್ದನ್ನು ಗೆರೆಯವರೆಗೆ ಯಾಕೆ ತುಂಬಿಸಬೇಕು, ಕೈ ಕಣ್ಣುಗಳಿಗೆ ಗೊತ್ತಿದ್ದದ್ದನ್ನೇ ಮತ್ತೆ ಪುಸ್ತಕದ ಭಾಷೆಯಲ್ಲಿ ಉರುಹೊಡೆಯುತ್ತಿದ್ದಳು. ಸಂಜೆಯಾದರೆ ನಾದಿನಿಯ ಪಾಠ. ಹೀಗೆ ಕೂರಬೇಕು, ಹಾಗೆ ನಗಬೇಕು, ನಕ್ಕರೆ ಹಲ್ಲು ಕಾಣಬೇಕು, ಒಸಡು ಕಾಣಬಾರದು. ಸಂದರ್ಶನ ಮಾಡುವವರ ಪಾತ್ರ ಬೇಕಲ್ಲ, ಅದಕ್ಕೆ ಅತ್ತೆಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ದೊಡ್ಡ ಡಾಕ್ಟರಂತೆ ಸೊಸೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಊಟ ಆಯ್ತಾ?”

“ಅಮ್ಮಾ! ಅದನ್ನ ಯಾರೂ ಕೇಳಲ್ಲ,” ಎಂದಳು ನಾದಿನಿ.

“ಯಾಕೆ ಕೇಳಲ್ಲ? ಅವರೇನು ಮನುಷ್ಯರಲ್ವಾ? ಸರಿ, ನಿನ್ನ ದೌರ್ಬಲ್ಯ ಏನಮ್ಮಾ?”

ನಾದಿನಿ ಹೇಳಿಕೊಟ್ಟಂತೆ ಅವಳು ಒಪ್ಪಿಸಿದಳು: “ಕೆಲಸ ಹಿಡಿದ್ರೆ ಮುಗಿಯೋವರೆಗೂ ಊಟ ನಿದ್ದೆ ಮರೆತುಬಿಡ್ತೀನಿ ಮೇಡಂ.”

“ಅಬ್ಬಬ್ಬಾ!” ಅತ್ತೆ ಕನ್ನಡಕ ತೆಗೆದರು. “ಭಾನುವಾರ ಸೂರ್ಯ ನೆತ್ತಿಗೆ ಬಂದ್ರೂ ಇವಳನ್ನ ಎಬ್ಬಿಸೋಕೆ ಮನೆಯವರೆಲ್ಲ ಸೇರಬೇಕು. ನಿದ್ದೆ ಮರೆತಾಳಂತೆ!”

ಅವಳಿಗೇ ನಗು ತಡೆಯಲಾಗಲಿಲ್ಲ. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ಆಮೇಲೆ ನಾದಿನಿ ನಗು ನಿಲ್ಲಿಸಿ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬಂದಳು. ಹಳೆಯ ಕೆಲಸ ಯಾಕೆ ಬಿಟ್ಟಿರಿ?

“ನಾನು ಬಿಟ್ಟಿಲ್ಲ. ಅವನೇ...”

“ನಿಲ್ಲಿಸಿ. ಇಲ್ಲೇ ನೀವು ಕೆಲಸ ಕಳ್ಕೊಳ್ಳೋದು. ಅತ್ತಿಗೆ, ನಾನು ಆ ಕಡೆ ಕೂರೋಳು, ನನ್ನ ಮಾತು ಕೇಳಿ. ಹಳೆ ಮಾಲೀಕನ ಜೊತೆ ಜಗಳ ಆಡಿದೆ ಅಂದವರನ್ನ ನಾವು ಬಾಗಿಲ ತನಕ ನಗ್ತಾ ಬಿಟ್ಟು ಬರ್ತೀವಿ, ಅಷ್ಟೆ. ಕೌಟುಂಬಿಕ ಕಾರಣ ಅಂದುಬಿಡಿ. ಎರಡೇ ಪದ. ಯಾರೂ ಮುಂದೆ ಕೇಳಲ್ಲ.”

“ಸುಳ್ಳಲ್ವಾ ಅದು?”

“ಸುಳ್ಳಲ್ಲ, ಮರ್ಯಾದೆ. ಅಷ್ಟಕ್ಕೂ ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಕೊನೆಗೆ ಆ ಮೇಷ್ಟ್ರ ರಿಪೋರ್ಟು ನಾರ್ಮಲ್ಲೇ ಬಂತಲ್ಲ. ನೀವು ಏನಂತ ವಾದ ಮಾಡ್ತೀರಿ?”

ಅದು ನಾಟಿತು. ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಹೌದು, ನಾರ್ಮಲ್ಲೇ ಬಂದಿತ್ತು. ಇಷ್ಟು ತಿಂಗಳಲ್ಲಿ ಅವಳನ್ನು ತಿಂದದ್ದು ಕೆಲಸ ಹೋದದ್ದಲ್ಲ, ಇದು. ತಾನು ಸರಿ ಎಂದು ಗೊತ್ತು, ಆದರೆ ಸರಿ ಎಂದು ತೋರಿಸಲು ಕೈಯಲ್ಲಿ ಏನೂ ಇಲ್ಲ. ಆ ಮಾಲೀಕ ಕಣ್ಣು ಮುಚ್ಚಿ ಕಲ್ಲು ಎಸೆದ, ಕಲ್ಲು ಹಣ್ಣಿಗೇ ತಾಗಿತು. ಈಗ ಊರೆಲ್ಲ ಅವನ ಗುರಿಯನ್ನು ಹೊಗಳುತ್ತಿದೆ! ಹೊಟ್ಟೆ ಉರಿಯದೆ ಇರುತ್ತದೆಯೇ? ಯಾರಿಗಾದರೂ ಉರಿಯುತ್ತದೆ.

ಆದರೂ ಮಾರನೆಯ ಸಂಜೆ ಸೋತು ಒಪ್ಪಿಕೊಂಡಳು. ಕೆಲಸ ಬೇಕಿತ್ತು. ಅತ್ತೆ ಕುರ್ಚಿಯೇರಿ ಪ್ರಶ್ನೆ ಹಾಕಿದರು, ಅವಳು ಹಲ್ಲು ಕಾಣುವ, ಒಸಡು ಕಾಣದ ನಗು ನಕ್ಕು, “ಕೌಟುಂಬಿಕ ಕಾರಣಗಳಿಂದ ಬಿಡಬೇಕಾಯ್ತು ಮೇಡಂ” ಎಂದು ತಡವರಿಸದೆ ಹೇಳಿದಳು. ನಾದಿನಿ ಚಪ್ಪಾಳೆ ತಟ್ಟಿದಳು. ಗಂಡನೂ ತಟ್ಟಿದ. ಅತ್ತೆ ಮಾತ್ರ ಕುರ್ಚಿಯಲ್ಲಿ ಹಾಗೇ ಕೂತಿದ್ದರು.

“ಕುಟುಂಬ ಅಂದ್ರೆ ಯಾರು?” ಎಂದರು.

“ಅಂದ್ರೆ?” ಎಂದಳು ನಾದಿನಿ.

“ಕುಟುಂಬದ ಕಾರಣ ಅಂತ ಹೇಳಿದ್ಲಲ್ಲ, ಆ ಕುಟುಂಬದಲ್ಲಿ ಯಾರು ಕಾರಣ ಅಂತ. ಇವನಾ? ಇವನನ್ನ ನೋಡಿದ್ರೇ ಗೊತ್ತಾಗುತ್ತೆ, ನೊಣ ಓಡಿಸೋಕೂ ಅಪ್ಪಣೆ ಕೇಳೋನು. ಮಕ್ಕಳಾ? ಅವರು ದೊಡ್ಡೋರಾಗಿ ಹಾಸ್ಟೆಲಲ್ಲಿದ್ದಾರೆ. ಮತ್ತೆ ಉಳಿದಿದ್ದು ಯಾರು? ನಾನು! ಆ ಡಾಕ್ಟರು ಏನು ತಿಳ್ಕೋತಾರೆ? ಮನೇಲಿ ಒಂದು ಮುದುಕಿ ಇದೆ, ಅತ್ತೆ, ಅವಳೇ ಸೊಸೆಯನ್ನ ಕೆಲಸ ಬಿಡಿಸಿ ಕೂರಿಸಿದ್ಲು ಅಂತ ತಾನೇ?”

“ಅಮ್ಮಾ, ಯಾರೂ ಹಾಗೆಲ್ಲ...”

“ನೀನು ಸುಮ್ನಿರು! ನಾನೂ ಟಿವಿ ನೋಡ್ತೀನಿ. ಇವಳ ಮಕ್ಕಳು ಅಂಬೆಗಾಲಿಡುವಾಗಿಂದ ನಾನು ನೋಡ್ಕೊಂಡೆ, ಯಾಕೆ? ಇವಳು ಕೆಲಸಕ್ಕೆ ಹೋಗ್ಲಿ ಅಂತ. ಸೊಂಟ ಹಿಡ್ಕೊಂಡ್ರೂ ಒಂದು ದಿನ ರಜೆ ಹಾಕು ಅಂದಿಲ್ಲ. ಆ ಬಡ್ಡಿಮಗ ಮಾಡಿದ ಅನ್ಯಾಯಕ್ಕೆ ನನ್ನ ತಲೆ ಯಾಕೆ ಕೊಡ್ಲಿ? ಅವನು ಓಡಿಸಿದ, ಅವನ ಹೆಸರು ಹೇಳು. ನನ್ನ ತಂಟೆಗೆ ಬರಬೇಡಿ, ಹೇಳಿದ್ದೀನಿ.”

ಕುರ್ಚಿಯಿಂದ ಇಳಿದು ಒಳಗೆ ಹೋಗಿಬಿಟ್ಟರು.

“ಹೋಗ್ಲಿ ಬಿಡು,” ಎಂದ ಗಂಡ. “ನನಗೆ ಹುಷಾರಿರ್ಲಿಲ್ಲ ಅಂತ ಹೇಳು. ಅಮ್ಮನೂ ಬಚಾವು, ನೀನೂ ಬಚಾವು. ಯಾವ ಕಾಯಿಲೆ ಬೇಕಾದ್ರೂ ಇಟ್ಕೋ.”

ಒಳ್ಳೆಯ ಮನುಷ್ಯ. ಹೆಂಡತಿಗಾಗಿ ಕಾಯಿಲೆ ಬೀಳಲೂ ತಯಾರು. ನಾದಿನಿ ಆ ಕ್ಷಣವೇ ಅಣ್ಣನಿಗೆ ಬೆನ್ನುನೋವು ಕೊಟ್ಟು, ಈಗ ವಾಸಿಯಾಗಿದೆ ಎಂದೂ ಸೇರಿಸಿ, ಅತ್ತಿಗೆಯಿಂದ ಆಣೆ ಹಾಕಿಸಿಕೊಂಡೇ ಹೊರಟಳು. ಅತ್ತಿಗೆ ಹೂಂ ಅಂದಳು.

ಸಂದರ್ಶನದ ದಿನ ಗಂಡ ಅವಳನ್ನು ವ್ಯಾನಿನಲ್ಲೇ ಆಸ್ಪತ್ರೆಗೆ ಬಿಟ್ಟ. ನೆಲಮಾಳಿಗೆಯ ಉದ್ದನೆಯ ಓಣಿ, ಎರಡೂ ಕಡೆ ಹಸಿರು ಬಣ್ಣ ಬಳಿದ ಗೋಡೆ, ಸ್ಪಿರಿಟ್ಟಿನ ವಾಸನೆ. ಆ ವಾಸನೆ ಮೂಗಿಗೆ ಬಡಿದದ್ದೇ ಅವಳಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಇದಕ್ಕಾಗಿ ಎಷ್ಟು ಹಸಿದಿದ್ದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ಇತರರೆಲ್ಲ ಅವಳಿಗಿಂತ ಚಿಕ್ಕವರು, ಮೊಬೈಲಿನಲ್ಲಿ ಓದುತ್ತಿದ್ದರು. ಓಣಿಯ ಆ ತುದಿಯಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯಿತ್ತು. ವಾರ್ಡಿನವರು ತಟ್ಟೆಗಟ್ಟಲೆ ಟ್ಯೂಬು ತಂದು ಇಟ್ಟು ಹೋಗುತ್ತಿದ್ದರು, ಒಳಗಿದ್ದವನು ತಲೆಯೆತ್ತದೆ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತಿದ್ದ. ಅವಳ ಕೈ ತುರಿಸಿತು.

ಒಳಗೆ ಇಬ್ಬರಿದ್ದರು. ಲ್ಯಾಬಿನ ಮುಖ್ಯಸ್ಥೆ, ಹಿರಿಯ ಡಾಕ್ಟರಮ್ಮ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡವರು. ಪಕ್ಕದಲ್ಲಿ ಆಸ್ಪತ್ರೆಯ ಆಫೀಸಿನವನು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಡಾಕ್ಟರಮ್ಮ ಕೆಲಸದ ಪ್ರಶ್ನೆಗಳನ್ನು ಕೇಳಿದರು. ಅವಳು ಬಹಳಷ್ಟಕ್ಕೆ ಉತ್ತರ ಕೊಟ್ಟಳು. ಹೊಸ ಯಂತ್ರವೊಂದರ ಬಗ್ಗೆ ಕೇಳಿದಾಗ ಮಾತ್ರ, “ಅದನ್ನ ನಾನು ಕಣ್ಣಲ್ಲೂ ನೋಡಿಲ್ಲ ಮೇಡಂ. ಹೇಳ್ಕೊಟ್ರೆ ಕಲೀತೀನಿ” ಎಂದಳು. ಡಾಕ್ಟರಮ್ಮ ತಲೆಯಾಡಿಸಿದರು. ಅದು ಸರಿ ಎಂದೋ, ಆಗಲಿಲ್ಲ ಎಂದೋ ತಿಳಿಯಲಿಲ್ಲ.

ಆಮೇಲೆ ಆಫೀಸಿನವನ ಸರದಿ. “ಅಷ್ಟು ವರ್ಷ ಮಾಡಿದ ಕೆಲಸ, ಯಾಕೆ ಬಿಟ್ರಿ?”

ಗಂಡನ ಬೆನ್ನುನೋವು ನಾಲಿಗೆಯ ತುದಿಗೆ ಬಂತು. ಅವಳು ಬಾಯಿ ತೆರೆಯುವುದರೊಳಗೆ ಅವನೇ ಪೆನ್ನು ಎತ್ತಿಕೊಂಡು ನಕ್ಕ. “ಕೌಟುಂಬಿಕ ಕಾರಣ ಅಂತ ಬರ್ಕೊಳ್ಲಾ? ಹೆಂಗಸರೆಲ್ಲ ಅದನ್ನೇ ಹೇಳೋದು.”

ಪಾಪ, ಅವನು ಉಪಕಾರವೆಂದೇ ಹೇಳಿದ್ದು. ಆದರೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಪುಣ್ಯಾತ್ಮ ಸುಳ್ಳನ್ನು ತಟ್ಟೆಯಲ್ಲಿಟ್ಟು ಬಡಿಸುತ್ತಿದ್ದಾನೆ, ಇವಳು ಬಾಯಿ ತೆರೆದರೆ ಸಾಕು! ಇವಳಂಥ ಎಷ್ಟು ಹೆಂಗಸರು ಇದೇ ಕುರ್ಚಿಯಲ್ಲಿ ಕೂತು, ಯಾರೋ ಮಾಡಿದ ಅನ್ಯಾಯವನ್ನು ಮನೆಯಲ್ಲಿದ್ದ ಯಾವುದೋ ಮುದುಕಿಯ ತಲೆಗೆ ಕಟ್ಟಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು! ಎತ್ತರದ ಕುರ್ಚಿಯಿಂದ ಇಳಿದು ಒಳಗೆ ಹೋದ ಅತ್ತೆಯ ಬೆನ್ನು ಕಣ್ಣ ಮುಂದೆ ಬಂತು.

“ಬೇಡ, ಬರ್ಕೋಬೇಡಿ,” ಎಂದಳು. “ನಮ್ಮ ಮನೆಯವರದ್ದು ಏನೂ ತಪ್ಪಿಲ್ಲ. ನಾನು ಬಿಟ್ಟಿದ್ದಲ್ಲ, ಅವರೇ ಓಡಿಸಿದ್ದು.”

ಪೆನ್ನು ಗಾಳಿಯಲ್ಲೇ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಕೆಂಪಗೆ ನಿಂತ ನೀರು, ಇಳಿಸಿ ಬರಿ ಅಂದದ್ದು, ತಾನು ಕೊಟ್ಟ ಎದುರುತ್ತರ, ಎದುರಿಗೇ ಮಾಡಿದ ಫೋನು. ತನ್ನ ಮಾತಿಗೆ ಸಕ್ಕರೆ ಸವರಲಿಲ್ಲ. ಮಾಲೀಕನಿಗೆ ಹಾಗೆ ಹೇಳಬಾರದಿತ್ತೇನೋ, ಆದರೆ ಹೇಳಿದೆ, ಎಂದಳು.

“ಎರಡನೇ ಸ್ಯಾಂಪಲ್ಲಿನ ರಿಸಲ್ಟ್ ಏನು ಬಂತು?” ಡಾಕ್ಟರಮ್ಮ ಕೇಳಿದರು.

ಇಷ್ಟು ತಿಂಗಳು ಅವಳ ಎದೆಯಲ್ಲಿ ಕೂತಿದ್ದ ಮುಳ್ಳಿಗೇ ಕೈಹಾಕಿದರು. “ನಾರ್ಮಲ್ ಮೇಡಂ.”

“ಹಾಗಾದ್ರೆ ನಿಮ್ಮ ಮಾಲೀಕರು ಹೇಳಿದ್ದೇ ಸರಿಯಾಯ್ತಲ್ಲ,” ಎಂದ ಆಫೀಸಿನವನು.

“ಸಂಖ್ಯೆ ಸರಿಯಾಗಿತ್ತು ಸಾರ್,” ಎಂದಳು. ಆ ಮಾತು ಎಲ್ಲಿಂದ ಬಂತೋ, ನಲ್ಲಿಯ ಕೆಳಗೆ ಲೋಟ ತೊಳೆಯುವಾಗ ಸಿಗದೆ ಇದ್ದದ್ದು ಈಗ ಸಿಕ್ಕಿತು. “ಆದ್ರೆ ಅದು ಸರಿ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನಾನು ಒಪ್ಕೊಂಡೆ, ಅವರು ಒಪ್ಕೊಳ್ಳಲಿಲ್ಲ. ನಾಳೆ ಇಲ್ಲೂ ನೀವು ಇಳಿಸಿ ಬರಿ ಅಂದ್ರೆ ನಾನು ಬರೆಯಲ್ಲ. ಈಗಲೇ ಹೇಳಿಬಿಡ್ತೀನಿ, ಆಮೇಲೆ ನಿಮಗೂ ಬೇಜಾರು, ನನಗೂ ಬೇಜಾರು.”

“ಮೇಡಂ ಎದುರು ಮಾತಾಡೋ ರೀತಿ...” ಎಂದು ಆಫೀಸಿನವನು ಶುರುಮಾಡಿದ. ಡಾಕ್ಟರಮ್ಮ ಕೈಯೆತ್ತಿದರು. “ಆಯ್ತು. ನೀವು ಹೋಗಬಹುದು,” ಎಂದರು ಅವಳಿಗೆ. ಅಷ್ಟೇ. ನಗಲಿಲ್ಲ, ಹೇಳಿ ಕಳಿಸುತ್ತೇವೆ ಎಂದೂ ಅನ್ನಲಿಲ್ಲ.

ಮನೆಯಲ್ಲಿ ನಾದಿನಿ ತಲೆಯ ಮೇಲೆ ಕೈ ಹೊತ್ತು ಕೂತಳು. “ಬೆನ್ನುನೋವು ಎಲ್ಲಿ ಹೋಯ್ತು ಅತ್ತಿಗೆ? ಆಣೆ ಮಾಡಿದ್ರಿ! ಅಷ್ಟು ದಿನ ಸಂಜೆ ನಾನು ಗಂಟಲು ಹರ್ಕೊಂಡಿದ್ದೆಲ್ಲ ನೀರಲ್ಲಿ ಹೋಮ!”

“ಹೋಗ್ಲಿ ಬಿಡು,” ಎಂದ ಗಂಡ.

“ಬಿಡಲ್ಲ!” ಅವಳು ತಿರುಗಿ ನಿಂತಳು. ಅಷ್ಟು ಜೋರಾಗಿ ಅವಳು ಆ ಮನೆಯಲ್ಲಿ ಮಾತಾಡಿದ್ದೇ ಇಲ್ಲ. “ಯಾವುದನ್ನ ಬಿಡ್ಲಿ? ಕೆಲಸ ಸಿಗದಿದ್ರೆ ಸಿಗದೇ ಹೋಗ್ಲಿ, ಅದನ್ನ ಬಿಟ್ಟೇನು. ನಾನು ತಪ್ಪು ಮಾಡಿದೆ ಅಂತ ತಲೆತಗ್ಗಿಸಿ ಓಡಾಡೋದನ್ನ ಇವತ್ತೇ ಬಿಟ್ಟೆ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ. ಬೇಕಾದವರು ಕೆಲಸ ಕೊಡ್ಲಿ, ಬೇಡದವರು ಬಾಗಿಲು ಹಾಕ್ಕೊಳ್ಲಿ!”

ಗಂಡ ಬೆಪ್ಪಾದ. ಒಳಗಿನಿಂದ ಅತ್ತೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅನ್ನಿ, ಬಾಗಿಲ ಹಿಂದೆಯೇ ಇದ್ದದ್ದು.

“ನನ್ನ ಹೆಸರು ಹೇಳಿದ್ಯಾ?”

“ಇಲ್ಲ ಅತ್ತೆ. ನಮ್ಮ ಮನೆಯವರದ್ದು ತಪ್ಪಿಲ್ಲ ಅಂದೆ.”

“ಹಾಂ. ಕೈಕಾಲು ತೊಳ್ಕೊಂಡು ಬಾ, ಊಟ ಮಾಡು,” ಎಂದರು ಅತ್ತೆ. ಆ ದಿನದ ಪಾತ್ರೆಗಳನ್ನು ತಾವೇ ತೊಳೆದರು.

ಆಸ್ಪತ್ರೆಯಿಂದ ಫೋನು ಬಂದಾಗ ಯಾರೂ ನಂಬಲಿಲ್ಲ. ಅವಳಂತೂ, “ಯಾರು ಬೇಕಿತ್ತು ನಿಮಗೆ?” ಎಂದು ಮತ್ತೆ ಮತ್ತೆ ಕೇಳಿ, ಆ ಕಡೆಯವರಿಗೆ ರೇಗುವಂತೆ ಮಾಡಿದಳು. ಹೋದಾಗ ಡಾಕ್ಟರಮ್ಮ ಅವಳನ್ನು ಯಂತ್ರಗಳ ಕೋಣೆಗೆ ಕರೆದೊಯ್ಯಲಿಲ್ಲ. ಓಣಿಯ ತುದಿಯ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದರು.

“ಒಳಗೆ ಯಂತ್ರ ನಡೆಸೋಕೆ ನನ್ನ ಹತ್ರ ಜನ ಇದ್ದಾರೆ. ಈ ಕಿಟಕಿಯಲ್ಲಿ ಬೇಡ ಅನ್ನೋರು ಯಾರೂ ಇಲ್ಲ. ಯಾರನ್ನ ಕೂರಿಸಿದ್ರೂ ವಾರ್ಡಿನವರ ಬೈಗುಳಕ್ಕೆ ಹೆದರಿ ಎಲ್ಲಾ ತಗೊಂಡುಬಿಡ್ತಾರೆ, ಇಲ್ಲಾ ಕೆಲಸ ಬಿಟ್ಟು ಓಡ್ತಾರೆ. ನಮ್ಮ ಆಫೀಸಿನವರು ನೀವು ಬೇಡ್ವೇ ಬೇಡ, ಜಗಳಗಂಟಿ ಅಂದ್ರು. ಅದಕ್ಕೇ ಬೇಕು ಅಂದೆ. ಬೈಸಿಕೊಳ್ಳೋ ಕೆಲಸ ಇದು. ಆಗುತ್ತಾ?”

“ಬೈಸಿಕೊಂಡು ಅಭ್ಯಾಸ ಇದೆ ಮೇಡಂ. ಮನೇಲಿ ಅತ್ತೆ ಇದ್ದಾರೆ.”

ಡಾಕ್ಟರಮ್ಮ ಮೊದಲ ಸಲ ನಕ್ಕರು.

ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಅರೆ ತುಂಬಿದ ನೀಲಿ ಮುಚ್ಚಳದ ಟ್ಯೂಬು ಬಂದರೆ ವಾಪಸ್ಸು. ಹೆಸರು ಅಂಟಿಸದ್ದು ಬಂದರೆ ವಾಪಸ್ಸು. ಕಿಟಕಿಯ ಪಕ್ಕದಲ್ಲೇ ತಿರುಗಿಸುವ ಯಂತ್ರವಿತ್ತು, ಅದರಿಂದ ಕೆಂಪಗೆ ಹೊರಬಂದರೂ ವಾಪಸ್ಸು. ನರ್ಸುಗಳು ಕಣ್ಣು ಕೆಂಪಗೆ ಮಾಡಿದರು, ವಾರ್ಡಿನ ಡಾಕ್ಟರರು ಫೋನಿನಲ್ಲಿ ಕೂಗಾಡಿದರು. ಅವಳು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಕೂಗು ಮುಗಿದ ಮೇಲೆ, “ಆಯ್ತು ಡಾಕ್ಟ್ರೇ, ಇನ್ನೊಂದ್ಸಲ ಕಳ್ಸಿ” ಎನ್ನುತ್ತಿದ್ದಳು. ಅವಳು ಯಾರಿಗೂ ಹೇಳದಿದ್ದರೂ ಹಳೆಯ ಅಡ್ಡಹೆಸರು ತಾನಾಗೇ ಹುಡುಕಿಕೊಂಡು ಬಂತು.

ಹೀಗಿರುವಾಗ ಅತ್ತೆಗೆ ಎದೆ ಒಂದೇ ಸಮನೆ ಹೊಡೆದುಕೊಳ್ಳಲು ಶುರುವಾಯಿತು. ಗಂಡ ತಾಯಿಯನ್ನು ಅದೇ ಆಸ್ಪತ್ರೆಗೆ ಕರೆತಂದ. ಡಾಕ್ಟರು ರಕ್ತಕ್ಕೆ ಬರೆದರು, ಅದರಲ್ಲಿ ಪೊಟ್ಯಾಸಿಯಮ್ಮೂ ಇತ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರೇ ಬೇರೆ, ಕಿಟಕಿಯವರು ಕಿಟಕಿ ಬಿಟ್ಟು ಏಳುವ ಹಾಗಿಲ್ಲ. ಹಾಗಾಗಿ ಬೇರೆಯವರು ಮುಟ್ಟದ ಆ ಕೈಯನ್ನು ಬೇರೆಯವರೇ ಮುಟ್ಟಬೇಕಾಯಿತು. ಸ್ವಲ್ಪ ಹೊತ್ತಿಗೆ ರಕ್ತ ತೆಗೆಯುವಾಕೆ, ಒಳ್ಳೆಯ ದಪ್ಪನೆಯ ನಗುಮುಖದ ಹೆಂಗಸು, ಟ್ಯೂಬು ತಂದು ಕೊಟ್ಟಳು. ಅವಳು ಹೆಸರು ನೋಡಿದಳು. ಅತ್ತೆಯದು. ಯಂತ್ರಕ್ಕೆ ಹಾಕಿ ತೆಗೆದಳು. ಮೇಲೆ ನಿಂತ ನೀರು ಕೆಂಪಗಿತ್ತು.

“ನಿಮ್ಮ ಅತ್ತೆಯಂತೆ ಮೇಡಂ,” ಎಂದಳು ಆಕೆ ಬಗ್ಗಿ. “ಒಂದು ಸಲ ಚುಚ್ಚಿದ್ದಕ್ಕೇ ನನ್ನ ವಂಶ ಜಾಲಾಡಿಬಿಟ್ರು. ಕೈ ಜೋಡಿಸ್ತೀನಿ, ಇದೊಂದನ್ನ ತಗೊಂಡುಬಿಡಿ.”

ಅವಳು ಟ್ಯೂಬನ್ನು ಬೆಳಕಿಗೆ ಹಿಡಿದೇ ಇದ್ದಳು. ಬೆಂಚಿನ ಮೇಲೆ ಕೂತ ಅತ್ತೆ ಕಿಟಕಿಯಿಂದ ಕಾಣುತ್ತಿದ್ದರು. ಮೊಣಕೈಗೆ ಹತ್ತಿ ಒತ್ತಿಕೊಂಡು, ಮುಖ ಬಿಳಿಚಿಕೊಂಡು, ಎಂದೂ ಇಲ್ಲದಷ್ಟು ಕುಗ್ಗಿ ಹೋಗಿದ್ದರು. ಮೇಷ್ಟ್ರ ವಿಷಯದಲ್ಲಿ ಸುಲಭವಾಗಿದ್ದದ್ದು ಇಲ್ಲಿ ಸುಲಭವಾಗಲಿಲ್ಲ, ಅದನ್ನು ಮುಚ್ಚಿಡುವುದೇಕೆ.

“ಇದು ಆಗಲ್ಲ,” ಎಂದಳು. “ಇನ್ನೊಂದ್ಸಲ ತೆಗೀರಿ. ಬಲಗೈ ನೋಡಿ, ಮಣಿಕಟ್ಟಿನ ಮೇಲೆ ನರ ಸಿಗುತ್ತೆ. ಮೆಲ್ಲಗೆ ಎಳೀರಿ.”

ಆಕೆ ನಿಟ್ಟುಸಿರು ಬಿಟ್ಟು ಹೋದಳು. ಮರುಕ್ಷಣ ಓಣಿಯಿಡೀ ಅತ್ತೆಯ ದನಿ ಮೊಳಗಿತು. “ಮತ್ತೆ ಚುಚ್ಚೋದಾ? ಯ್ಯಾರವಳು ಹೇಳಿದ್ದು?”

“ಆ ಕಿಟಕಿಯವರು ಅಮ್ಮಾ,” ಎಂದಳು ಆಕೆ ಹೆದರಿ.

“ಹೋಗ್ಲಿ ಬಿಡಿ, ಅಮ್ಮನಿಗೆ ಒಂದು ಸಲ ಸಾಕು, ಅದರಲ್ಲೇ ನೋಡ್ಕೊಳ್ಲಿ,” ಎಂದ ಗಂಡ.

“ನೀನು ಬಾಯಿ ಮುಚ್ಚು!” ಅತ್ತೆ ಮಗನನ್ನು ಗದರಿದರು. ಕಿಟಕಿಯ ಕಡೆ ನೋಡಿದರು. ಸೊಸೆಯೂ ನೋಡಿದಳು. ಅತ್ತೆ ಹತ್ತಿಯನ್ನು ಬಿಸುಟು, ಬಲಗೈ ಚಾಚಿದರು. “ತೆಗಿಯಮ್ಮಾ. ಅವಳು ಆಗಲ್ಲ ಅಂದ್ರೆ ಆಗಲ್ಲ, ಅಷ್ಟೆ.” ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆ ಜೋರಾಗಿ ಹೇಳಿದರು: “ನನ್ನ ಸೊಸೆ ಕಣ್ರೀ ಅದು.”

ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಒಂದೊಂದು ಕೈಯಲ್ಲಿ ಒಂದೊಂದು ನೀಲಿ ಕಲೆ.

“ಏನು ಬಂತು?”

“ನಾರ್ಮಲ್ ಅತ್ತೆ. ಎಲ್ಲಾ ನಾರ್ಮಲ್.”

ಅತ್ತೆ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡರು. ಅವಳು ಚೀಲ ಹಿಡಿದುಕೊಂಡೇ ಬೈಗುಳಕ್ಕೆ ಕಾದು ನಿಂತಳು.

“ಸರಿ,” ಎಂದರು ಅತ್ತೆ. “ಈಗ ಗೊತ್ತಾಯ್ತಲ್ಲ.”